ಪಾರದರ್ಶಕ ಅಲೈನರ್ ಚಿಕಿತ್ಸೆಯ ಅವಧಿ

ಪಾರದರ್ಶಕ ಅಲೈನರ್ ಚಿಕಿತ್ಸೆ ಎಂದರೆ ಹಲ್ಲಿನ ಸಾಲಿನ ಮೇಲೆ ಬಿಗಿಯಾಗಿ ಕೂರುವ, ಬೇಕೆಂದಾಗ ತೆಗೆದು ಹಾಕಬಹುದಾದ ತೆಳು ಪ್ಲಾಸ್ಟಿಕ್ ಕವಚಗಳನ್ನು ಒಂದಾದ ಮೇಲೊಂದರಂತೆ ತೊಡಿಸಿ, ಓರೆಕೋರೆ ಹಲ್ಲುಗಳನ್ನು ಹಂತಹಂತವಾಗಿ ಸರಿಯಾದ ಜಾಗಕ್ಕೆ ತರುವ ವಕ್ರದಂತ ಚಿಕಿತ್ಸೆಯ ವಿಧಾನ. ಮೊದಲ ಕವಚ ತೊಟ್ಟ ದಿನದಿಂದ ಕೊನೆಯದನ್ನು ಬಿಡುವ ದಿನದವರೆಗಿನ ಕಾಲವನ್ನು ಇದರ ಸಕ್ರಿಯ ಅವಧಿ ಎನ್ನುತ್ತಾರೆ. ಮುಂಭಾಗದ ಹಲ್ಲುಗಳ ಸಣ್ಣ ವಕ್ರತೆಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು, ಮಧ್ಯಮ ತರದ್ದಕ್ಕೆ 6 ತಿಂಗಳಿಂದ ಒಂದು ವರ್ಷ ಅಥವಾ ತುಸು ಹೆಚ್ಚು, ಹಲ್ಲು ಕಿತ್ತು ಜಾಗ ಮುಚ್ಚಬೇಕಾದ ಇಲ್ಲವೇ ಕಚ್ಚುವಿಕೆಯನ್ನೇ ತಿದ್ದಬೇಕಾದ ಪ್ರಕರಣಗಳಿಗೆ ಒಂದೂವರೆಯಿಂದ ಎರಡು ವರ್ಷ ಅಥವಾ ಅದಕ್ಕೂ ಮೀರಿದ ಕಾಲ ಹಿಡಿಯುತ್ತದೆ. ಅವಧಿಯ ವೈದ್ಯಕೀಯ ಆಧಾರಗಳನ್ನೂ, ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲೆಯಲ್ಲಿ ಅದರ ಮೇಲೆ ಪ್ರಭಾವ ಬೀರುವ ಸಂಗತಿಗಳನ್ನೂ ಈ ಲೇಖನ ವಿವರಿಸುತ್ತದೆ.

ಪರಿಭಾಷೆ

ಈ ಲೇಖನದಲ್ಲಿ 'ಅಲೈನರ್' ಎಂದರೆ ಒಂದು ದವಡೆಗೆ ಹಾಕುವ ಒಂದು ಕವಚ. ಮೇಲಿನ ಮತ್ತು ಕೆಳಗಿನ ದವಡೆಯ ಒಂದೊಂದು ಅಲೈನರ್ ಸೇರಿದರೆ ಒಂದು 'ಜೊತೆ'. ಹಲ್ಲಿಗೆ ಅಂಟಿಸಿ ತಂತಿ ಬಿಗಿಯುವ, ಜನ ಕ್ಲಿಪ್ ಅಥವಾ ತಂತಿ ಎನ್ನುವ ಸಾಧನವನ್ನು 'ಬ್ರೇಸಸ್' ಎಂದೂ, ಸರಿಯಾದ ಹಲ್ಲು ಹಿಂದಕ್ಕೆ ಸರಿಯದಂತೆ ಹಿಡಿದಿಡುವ ಸಾಧನವನ್ನು 'ರಿಟೈನರ್' ಎಂದೂ ಕರೆಯಲಾಗಿದೆ. ಮೊದಲ ಸುತ್ತಿನ ಜೊತೆಗಳು ಮುಗಿದ ಮೇಲೆ ಉಳಿದ ಕೊರತೆ ತುಂಬಲು ಮಾಡಿಸುವ ಹೆಚ್ಚುವರಿ ಜೊತೆಗಳ ಹಂತಕ್ಕೆ 'ತಿದ್ದುಪಡಿ ಸುತ್ತು' ಎಂಬ ಹೆಸರನ್ನು ಬಳಸಿದೆ.

ಉಗಮ

ತೆಗೆದು ಹಾಕುವ ಸಾಧನದಿಂದ ಹಲ್ಲು ಸರಿಸುವ ಯೋಚನೆ ಪ್ಲಾಸ್ಟಿಕ್ಕಿಗಿಂತ ಹಳೆಯದು. ಅಮೆರಿಕದ ವೈದ್ಯ ಹೆರಾಲ್ಡ್ ಕೆಸ್ಲಿಂಗ್ 1945ರಲ್ಲಿ ರಬ್ಬರಿನ 'ಪೊಸಿಷನರ್' ಎಂಬ ಸಾಧನವನ್ನು ವಿವರಿಸಿದ. ಬ್ರೇಸಸ್ ತೆಗೆದ ಮೇಲೆ ಉಳಿಯುವ ಸಣ್ಣಪುಟ್ಟ ದೋಷಗಳನ್ನು ಅದು ತಿದ್ದುತ್ತಿತ್ತು. ಅಚ್ಚಿನ ಮೇಲೆ ಹಲ್ಲುಗಳನ್ನು ಸ್ವಲ್ಪ ಸ್ವಲ್ಪವೇ ಸರಿಸಿ, ಪ್ರತಿ ಸಲವೂ ಹೊಸ ಸಾಧನ ಮಾಡುತ್ತ ಹೋದರೆ ದೊಡ್ಡ ಚಲನೆಯನ್ನೂ ಸಾಧಿಸಬಹುದು ಎಂದು ಆತ ಆಗಲೇ ಊಹಿಸಿದ್ದ. ಆದರೆ ಪ್ರತಿ ಹಂತಕ್ಕೂ ಕೈಯಿಂದಲೇ ಅಚ್ಚು ಕೊಯ್ದು ಜೋಡಿಸಬೇಕಾಗಿದ್ದ ಕಾಲದಲ್ಲಿ ಅದು ಆಗುವಂಥ ಕೆಲಸವಾಗಿರಲಿಲ್ಲ. 1964ರಲ್ಲಿ ಹೆನ್ರಿ ನಹೂಮ್ ನಿರ್ವಾತ ಒತ್ತಡದಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಕವಚ ಮಾಡುವ ಕ್ರಮವನ್ನು ಪ್ರಕಟಿಸಿದ. 1993ರಲ್ಲಿ ಜಾನ್ ಶೆರಿಡನ್ 'ಎಸಿಕ್ಸ್' ಎಂಬ ತೆಳು ಪಾರದರ್ಶಕ ರಿಟೈನರನ್ನು ಬಳಕೆಗೆ ತಂದ.

ಕೆಸ್ಲಿಂಗನ ಊಹೆ ನಿಜವಾಗಲು ಕಂಪ್ಯೂಟರ್ ಬೇಕಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ್ದ ಜಿಯಾ ಚಿಷ್ಟಿ ಮತ್ತು ಕೆಲ್ಸಿ ವರ್ತ್ 1997ರಲ್ಲಿ ಅಲೈನ್ ಟೆಕ್ನಾಲಜಿ ಕಂಪನಿಯನ್ನು ಕಟ್ಟಿದರು. ಹಲ್ಲಿನ ಸಾಲನ್ನು ಮೂರು ಆಯಾಮದ ಚಿತ್ರವಾಗಿ ಕಂಪ್ಯೂಟರಿಗೆ ತಂದು, ಆರಂಭದಿಂದ ಕೊನೆಯ ಸ್ಥಿತಿಯವರೆಗಿನ ದಾರಿಯನ್ನು ಸಣ್ಣ ಹಂತಗಳಾಗಿ ಒಡೆದು, ಪ್ರತಿ ಹಂತಕ್ಕೂ ಒಂದು ಅಚ್ಚನ್ನು ಮುದ್ರಿಸಿ, ಅದರ ಮೇಲೆ ಕವಚ ಮಾಡುವುದು ಅವರ ಕ್ರಮ. 1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅನುಮತಿ ಕೊಟ್ಟಿತು. ಮರುವರ್ಷ ಅದು 'ಇನ್ವಿಸಲೈನ್' ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮುಖ್ಯ ಪೇಟೆಂಟುಗಳಲ್ಲಿ ಹಲವು 2017ರಿಂದ ಮುಗಿಯತೊಡಗಿದ ಮೇಲೆ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಬೇರೆ ಬೇರೆ ತಯಾರಕರ ಅಲೈನರುಗಳು ಕಾಣಿಸಿಕೊಂಡವು.

ರಚನೆ

ಅಲೈನರ್ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ದಪ್ಪದ ಹಾಳೆಯಿಂದ ಆಗುತ್ತದೆ. ಪಿಇಟಿಜಿ ಎಂಬ ಪಾಲಿಯೆಸ್ಟರ್ ಜಾತಿಯ ಪ್ಲಾಸ್ಟಿಕ್, ಪಾಲಿಯುರಿಥೇನ್, ಅಥವಾ ಎರಡು ಮೂರು ಪದರ ಸೇರಿಸಿದ ಹಾಳೆ ಬಳಕೆಯಲ್ಲಿವೆ. ಹಾಳೆಯನ್ನು ಬಿಸಿ ಮಾಡಿ ಅಚ್ಚಿನ ಮೇಲೆ ಒತ್ತುತ್ತಾರೆ. ಬಿಸಿಗೆ ಮೆದುವಾಗುವ ಗುಣದಿಂದಲೇ ಅದು ತಯಾರಾಗುವುದರಿಂದ, ಕುದಿಯುವ ನೀರಿನಲ್ಲಿ ತೊಳೆದರೆ ಅದೇ ಗುಣದಿಂದ ಆಕಾರ ಕೆಡುತ್ತದೆ.

ಪ್ಲಾಸ್ಟಿಕ್ ಕವಚ ನುಣುಪಾದ ಹಲ್ಲನ್ನು ಎಲ್ಲ ದಿಕ್ಕಿಗೂ ಹಿಡಿದು ತಿರುಗಿಸಲಾರದು. ಅದಕ್ಕಾಗಿ ಹಲ್ಲಿನ ಬಣ್ಣದ ಕಾಂಪೋಸಿಟ್ ಸಿಮೆಂಟಿನಿಂದ ಕೆಲವು ಹಲ್ಲುಗಳ ಮೇಲೆ ಸಣ್ಣ ಉಬ್ಬುಗಳನ್ನು ಕೂರಿಸುತ್ತಾರೆ. ಇವಕ್ಕೆ ಅಟ್ಯಾಚ್‌ಮೆಂಟ್ ಎನ್ನುತ್ತಾರೆ. ಕಚ್ಚುವಿಕೆ ತಿದ್ದಲು ಮೇಲಿನ ಮತ್ತು ಕೆಳಗಿನ ದವಡೆಯ ನಡುವೆ ರಬ್ಬರ್ ಬ್ಯಾಂಡ್ ಕಟ್ಟುವುದೂ ಉಂಟು. ಜಾಗ ಸಾಲದ ಕಡೆ ಪಕ್ಕಪಕ್ಕದ ಹಲ್ಲುಗಳ ನಡುವಿನ ಎನಾಮಲನ್ನು ಮಿಲಿಮೀಟರಿನ ಹತ್ತನೇ ಎರಡರಿಂದ ಐದು ಭಾಗದಷ್ಟು ಉಜ್ಜಿ ತೆಗೆಯುತ್ತಾರೆ.

ಹಲ್ಲು ಸರಿಯುವ ಬಗೆ

ಹಲ್ಲಿನ ಬೇರಿಗೂ ದವಡೆ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ಅಗಲದ ನಾರುಪದರವಿದೆ. ಹಲ್ಲಿನ ಮೇಲೆ ನಿರಂತರವಾಗಿ ಹಗುರ ಒತ್ತಡ ಬಿದ್ದರೆ, ಒತ್ತುವ ಬದಿಯಲ್ಲಿ ಎಲುಬನ್ನು ಕರಗಿಸುವ ಕೋಶಗಳೂ ಎಳೆತದ ಬದಿಯಲ್ಲಿ ಎಲುಬನ್ನು ಕಟ್ಟುವ ಕೋಶಗಳೂ ಕೆಲಸ ಶುರುಮಾಡುತ್ತವೆ. ಹೀಗೆ ಒಂದು ಕಡೆ ಕರಗಿ ಇನ್ನೊಂದು ಕಡೆ ತುಂಬುತ್ತ ಹಲ್ಲು ಜಾಗ ಬದಲಿಸುತ್ತದೆ. ಹಲ್ಲನ್ನು ಬರಿದೆ ವಾಲಿಸಲು 35ರಿಂದ 60 ಗ್ರಾಂ, ಬೇರುಸಮೇತ ಸರಿಸಲು 70ರಿಂದ 120 ಗ್ರಾಂ, ಒಳಕ್ಕೆ ಒತ್ತಲು 10ರಿಂದ 20 ಗ್ರಾಂ ಬಲ ಸಾಕೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಒತ್ತಡ ಹೆಚ್ಚಿಸಿದರೆ ಹಲ್ಲು ಬೇಗ ಸರಿಯುವುದಿಲ್ಲ. ನಾರುಪದರದ ರಕ್ತನಾಳಗಳು ಹಿಚುಕಿಹೋಗಿ ಆ ಜಾಗದ ಜೀವಕೋಶಗಳು ಸತ್ತು, ಚಲನೆ ವಾರಗಟ್ಟಲೆ ನಿಂತುಹೋಗುತ್ತದೆ. ಬೇರಿನ ತುದಿ ಸವೆಯುವ ಅಪಾಯವೂ ಇದೆ.

ಒಂದು ಅಲೈನರ್ ಹಲ್ಲನ್ನು ಸುಮಾರು 0.25 ಮಿಲಿಮೀಟರ್ ಸರಿಸುವಂತೆ ಅಥವಾ ಒಂದೆರಡು ಡಿಗ್ರಿ ತಿರುಗಿಸುವಂತೆ ಮಾತ್ರ ರೂಪಿಸುವುದಕ್ಕೆ ಕಾರಣ ಇದೇ. ಆ ಅಳತೆ ನಾರುಪದರದ ಅಗಲಕ್ಕೆ ಹೆಚ್ಚುಕಡಿಮೆ ಸಮ.

ಒತ್ತಡದ ಪ್ರಮಾಣದಷ್ಟೇ ಅದರ ನಿರಂತರತೆಯೂ ಮುಖ್ಯ. ದಿನಕ್ಕೆ ಸುಮಾರು ಆರು ಗಂಟೆಗಿಂತ ಕಡಿಮೆ ಒತ್ತಡ ಬಿದ್ದರೆ ಎಲುಬಿನ ಕೋಶಗಳು ಎಚ್ಚರಗೊಳ್ಳುವುದೇ ಕಷ್ಟ. ಆರಕ್ಕಿಂತ ಮೇಲೆ ಗಂಟೆ ಹೆಚ್ಚಿದಷ್ಟೂ ಫಲ ಹೆಚ್ಚು. ದಿನಕ್ಕೆ 20ರಿಂದ 22 ಗಂಟೆ ತೊಡಬೇಕೆಂಬ ನಿಯಮ ಇಲ್ಲಿಂದ ಬಂದದ್ದು.

ಅವಧಿಯ ಲೆಕ್ಕ

ಸಕ್ರಿಯ ಅವಧಿ ಎಂದರೆ ಜೊತೆಗಳ ಸಂಖ್ಯೆಯನ್ನು ಒಂದೊಂದು ಜೊತೆ ತೊಡುವ ದಿನಗಳಿಂದ ಗುಣಿಸಿದರೆ ಬರುವ ಮೊತ್ತ. ಮೊದಲ ಹದಿನೈದು ವರ್ಷಗಳಷ್ಟು ಕಾಲ ಪ್ರತಿ ಜೊತೆಗೆ 14 ದಿನ ಎಂಬುದು ವಾಡಿಕೆಯಾಗಿತ್ತು. ಹಾಳೆಯ ಗುಣ ಸುಧಾರಿಸಿದ ಮೇಲೆ, 2016ರಿಂದ ಈಚೆಗೆ, 7 ಅಥವಾ 10 ದಿನಕ್ಕೊಮ್ಮೆ ಬದಲಿಸುವ ಪದ್ಧತಿ ಬಂತು. 24 ಜೊತೆಗಳ ಒಂದು ಯೋಜನೆ 14 ದಿನದ ಲೆಕ್ಕದಲ್ಲಿ 336 ದಿನ, ಅಂದರೆ 11 ತಿಂಗಳು ಹಿಡಿಯುತ್ತದೆ. 10 ದಿನಕ್ಕೊಮ್ಮೆಯಾದರೆ 240 ದಿನ. ವಾರಕ್ಕೊಮ್ಮೆಯಾದರೆ 168 ದಿನ, ಅಂದರೆ ಐದೂವರೆ ತಿಂಗಳು. ಒಂದೇ ಬಾಯಿಗೆ ಒಬ್ಬ ವೈದ್ಯರು ಆರು ತಿಂಗಳು, ಇನ್ನೊಬ್ಬರು ಒಂದು ವರ್ಷ ಎಂದು ಹೇಳಿದರೆ ಇಬ್ಬರಲ್ಲಿ ಒಬ್ಬರು ತಪ್ಪೆಂದೇ ಆಗಬೇಕಿಲ್ಲ. ಗುಣಿಸುವ ದಿನದ ಸಂಖ್ಯೆ ಬೇರೆಯಾಗಿರಬಹುದು. ವಯಸ್ಸು, ಎಲುಬಿನ ಗಟ್ಟಿತನ, ವಸಡಿನ ಆರೋಗ್ಯ, ಚಲನೆಯ ಬಗೆ ಇವನ್ನು ನೋಡಿ ಆ ಸಂಖ್ಯೆಯನ್ನು ಗೊತ್ತುಮಾಡುತ್ತಾರೆ.

ಜೊತೆಗಳ ಸಂಖ್ಯೆ ನಿಂತಿರುವುದು ಹೆಚ್ಚು ದೂರ ಸರಿಯಬೇಕಾದ ಹಲ್ಲಿನ ಮೇಲೆ. ಉಳಿದ ಹದಿನೈದು ಹಲ್ಲು ಅರ್ಧ ಮಿಲಿಮೀಟರಿಗೇ ಸರಿಹೋದರೂ ಒಂದು ಕೋರೆಹಲ್ಲು 5 ಮಿಲಿಮೀಟರ್ ಸಾಗಬೇಕಿದ್ದರೆ ಕನಿಷ್ಠ 20 ಜೊತೆ ಬೇಕು. ಒಂದು ಸಣ್ಣ ದವಡೆಹಲ್ಲು ಕಿತ್ತಾಗ ಉಳಿಯುವ ಜಾಗ ಸುಮಾರು 7 ಮಿಲಿಮೀಟರ್. ಅದನ್ನು ಒಂದೇ ಕಡೆಯಿಂದ ಮುಚ್ಚುವುದಾದರೆ 28 ಜೊತೆ, 14 ದಿನದ ಲೆಕ್ಕದಲ್ಲಿ ಒಂದು ವರ್ಷಕ್ಕೂ ಮೇಲೆ. ಇದಲ್ಲದೆ ಎಲ್ಲ ಹಲ್ಲುಗಳನ್ನೂ ಏಕಕಾಲಕ್ಕೆ ಸರಿಸಲು ಬರುವುದಿಲ್ಲ. ದವಡೆಹಲ್ಲುಗಳನ್ನು ಹಿಂದಕ್ಕೆ ತಳ್ಳಿ ಜಾಗ ಮಾಡುವಾಗ ಮೊದಲು ಕಡೆಯ ದವಡೆಹಲ್ಲು ಹೊರಡುತ್ತದೆ, ಅದು ಅರ್ಧ ದಾರಿ ಮುಟ್ಟಿದ ಮೇಲೆ ಅದರ ಮುಂದಿನದು, ಆಮೇಲೆ ಅದರ ಮುಂದಿನದು. ಮುಂದಿನ ಬಾಚಿಹಲ್ಲುಗಳು ಹಿಂದೆ ಸರಿಯುವ ಹೊತ್ತಿಗೆ ಹತ್ತಾರು ಜೊತೆ ಕಳೆದಿರುತ್ತವೆ. ಕನ್ನಡಿಯಲ್ಲಿ ಅಷ್ಟು ದಿನ ಏನೂ ಬದಲಾವಣೆ ಕಾಣದಿರುವುದು ಈ ಪ್ರಕರಣಗಳಲ್ಲಿ ಸಹಜ.

ತಿದ್ದುಪಡಿ ಸುತ್ತು

ಕಂಪ್ಯೂಟರಿನ ಪರದೆಯಲ್ಲಿ ಕಾಣುವ ಕೊನೆಯ ಚಿತ್ರ ಯೋಜನೆಯೇ ಹೊರತು ಫಲಿತಾಂಶವಲ್ಲ. ನೀಲ್ ಕ್ರಾವಿಟ್ಜ್ ಮತ್ತು ಸಹಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಂಭಾಗದ ಹಲ್ಲುಗಳ ಯೋಜಿತ ಚಲನೆಯಲ್ಲಿ ಸರಾಸರಿ ಶೇ. 41ರಷ್ಟು ಮಾತ್ರ ಬಾಯಲ್ಲಿ ನಿಜವಾಗಿತ್ತು. ಹೊಸ ಪ್ಲಾಸ್ಟಿಕ್, ಹೊಸ ಅಟ್ಯಾಚ್‌ಮೆಂಟುಗಳು ಬಂದ ಮೇಲೆ 2020ರಲ್ಲಿ ನಡೆದ ಅಂಥದೇ ಅಧ್ಯಯನದಲ್ಲಿ ಅದು ಶೇ. 50ಕ್ಕೆ ಏರಿತು. ಹಲ್ಲನ್ನು ವಾಲಿಸುವುದು ಸುಲಭ. ದುಂಡಗಿನ ಕೋರೆಹಲ್ಲನ್ನು ತಿರುಗಿಸುವುದು, ಹಲ್ಲನ್ನು ವಸಡಿನಿಂದ ಹೊರಕ್ಕೆ ಎಳೆಯುವುದು, ಬೇರನ್ನು ನೇರ ಮಾಡುವುದು ಅಲೈನರಿಗೆ ಕಷ್ಟದ ಕೆಲಸ.

ಹಾಗಾಗಿ ಮೊದಲ ಸುತ್ತಿನ ಕೊನೆಯಲ್ಲಿ ಮತ್ತೆ ಬಾಯಿಯ ಅಳತೆ ತೆಗೆದು ಹೊಸ ಜೊತೆಗಳನ್ನು ಮಾಡಿಸುವುದು ಅಪವಾದವಲ್ಲ, ಬಹುಪಾಲು ಮಧ್ಯಮ ಮತ್ತು ಕಠಿಣ ಪ್ರಕರಣಗಳ ಮಾಮೂಲು ಭಾಗ. ಹೊಸ ಜೊತೆಗಳು ತಯಾರಾಗಿ ಬರಲು ಕೆಲವು ವಾರ, ಅವನ್ನು ತೊಡಲು ಎರಡರಿಂದ ಆರು ತಿಂಗಳು. ಜಾಹೀರಾತಿನಲ್ಲಿ ಬರುವ ತಿಂಗಳ ಸಂಖ್ಯೆಯಲ್ಲಿ ಈ ಕಾಲ ಅನೇಕ ಸಲ ಸೇರಿರುವುದಿಲ್ಲ. ಆರಂಭದಲ್ಲಿ ಸ್ಕ್ಯಾನ್ ಆದ ದಿನದಿಂದ ಮೊದಲ ಜೊತೆ ಕೈಗೆ ಬರುವವರೆಗಿನ ವಾರಗಳೂ ಸೇರಿರುವುದಿಲ್ಲ. ಹಾಗೆ ಕೂಡಿಸಿ ನೋಡಿದರೆ ಎಂಟು ತಿಂಗಳೆಂದು ಹೇಳಿದ್ದು ಒಂದು ವರ್ಷ ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಬಗೆಗಳು

ಹಲ್ಲಿನ ವಕ್ರತೆಯನ್ನು ವಿಂಗಡಿಸುವ ಮೂಲ ಕ್ರಮವನ್ನು ಎಡ್ವರ್ಡ್ ಆಂಗಲ್ 1899ರಲ್ಲಿ ಹಾಕಿಕೊಟ್ಟ. ಮೇಲಿನ ಮತ್ತು ಕೆಳಗಿನ ಮೊದಲ ದವಡೆಹಲ್ಲುಗಳು ಒಂದರೊಡನೊಂದು ಕೂರುವ ಬಗೆಯನ್ನು ಆಧರಿಸಿ ಅದರಲ್ಲಿ ಮೂರು ವರ್ಗಗಳಿವೆ. ಮೊದಲ ವರ್ಗದಲ್ಲಿ ದವಡೆಗಳ ಹೊಂದಾಣಿಕೆ ಸರಿಯಿದ್ದು, ಮುಂದಿನ ಹಲ್ಲುಗಳು ಮಾತ್ರ ಒತ್ತಿಕೊಂಡೋ ಸಂದು ಬಿಟ್ಟುಕೊಂಡೋ ಇರುತ್ತವೆ. ಅಲೈನರ್ ಚೆನ್ನಾಗಿ ಒಗ್ಗುವುದು, ಬೇಗ ಮುಗಿಯುವುದು ಇಲ್ಲಿಯೇ. ಜಾಗದ ಕೊರತೆ 4 ಮಿಲಿಮೀಟರಿನ ಒಳಗಿದ್ದರೆ ಸೌಮ್ಯ ಎನ್ನುತ್ತಾರೆ. ಎರಡು ಬಾಚಿಹಲ್ಲಿನ ನಡುವಿನ ಸಣ್ಣ ಸಂದು ಮುಚ್ಚುವುದು ಮೂರ್ನಾಲ್ಕು ತಿಂಗಳ ಕೆಲಸ, ಆದರೆ ಮತ್ತೆ ಸಂದು ಬಿಡುವ ಸಂಭವವೂ ಅಲ್ಲೇ ಹೆಚ್ಚು. ಎರಡನೆಯ ವರ್ಗದ ಉಬ್ಬುಹಲ್ಲು, ಮೂರನೆಯ ವರ್ಗದ ಮುಂಚಾಚಿದ ಕೆಳದವಡೆ ಇವುಗಳಲ್ಲಿ ಹಲ್ಲಿನ ದೋಷದ ಜೊತೆಗೆ ದವಡೆಯ ದೋಷವೂ ಬೆರೆತಿರಬಹುದು. ಎಲುಬಿನ ಅಂತರ ದೊಡ್ಡದಿದ್ದರೆ ವಯಸ್ಕರಲ್ಲಿ ದವಡೆಯ ಶಸ್ತ್ರಚಿಕಿತ್ಸೆಯೇ ಬೇಕು. ಎಷ್ಟು ಜೊತೆ ಅಲೈನರ್ ತೊಟ್ಟರೂ ಅದು ಸರಿಹೋಗದು.

ಬೆಳೆಯುವ ವಯಸ್ಸಿನವರಿಗೆಂದೇ ರೂಪಿಸಿದ ಅಲೈನರುಗಳು 2008ರಲ್ಲಿ ಬಂದವು. ಇನ್ನೂ ಮೂಡುತ್ತಿರುವ ಹಲ್ಲಿಗೆ ಜಾಗ ಬಿಡುವ ರಚನೆ, ತೊಟ್ಟಷ್ಟೂ ಮಾಸುವ ನೀಲಿ ಚುಕ್ಕೆ ಇವುಗಳಲ್ಲಿವೆ. ಚುಕ್ಕೆ ಮಾಸದಿದ್ದರೆ ಹುಡುಗ ಅಲೈನರನ್ನು ಡಬ್ಬಿಯಲ್ಲೇ ಇಟ್ಟಿದ್ದನೆಂದು ತಿಳಿಯುತ್ತದೆ.

ಬ್ರೇಸಸ್ ಜೊತೆ ಹೋಲಿಕೆ

ಬ್ರೇಸಸ್ ಚಿಕಿತ್ಸೆಯ ಅವಧಿಯ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ ಸರಾಸರಿ 19.9 ತಿಂಗಳು ಎಂದಿದೆ. ಸೌಮ್ಯ ಮತ್ತು ಮಧ್ಯಮ ಪ್ರಕರಣಗಳಲ್ಲಿ ಅಲೈನರ್ ಕೆಲವು ತಿಂಗಳು ಮೊದಲೇ ಮುಗಿಯುತ್ತದೆ ಎಂಬುದನ್ನು ಹಲವು ಹೋಲಿಕೆಗಳು ತೋರಿಸಿವೆ. 2005ರಲ್ಲಿ ನ್ಯೂಯಾರ್ಕಿನಿಂದ ಬಂದ ಒಂದು ಅಧ್ಯಯನದಲ್ಲಿ ಅಲೈನರ್ ತೊಟ್ಟವರು ಸುಮಾರು ನಾಲ್ಕು ತಿಂಗಳು ಮುಂಚೆ ಮುಗಿಸಿದ್ದರು, ಆದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ಕೂಡುವಿಕೆಯ ಅಂಕದಲ್ಲಿ ಬ್ರೇಸಸ್‌ನವರಿಗಿಂತ ಹಿಂದೆ ಉಳಿದಿದ್ದರು. ಹಲ್ಲು ಕೀಳಬೇಕಾದ ಪ್ರಕರಣಗಳಲ್ಲಿ ಅಲೈನರಿನ ಈ ವೇಗ ಉಳಿಯುವುದಿಲ್ಲ.

ಅವಧಿ ಬೆಳೆಸುವ ಕಾರಣಗಳು

ತೊಡುವ ಗಂಟೆ ಕಡಿಮೆಯಾಗುವುದೇ ಎಲ್ಲಕ್ಕಿಂತ ದೊಡ್ಡ ಕಾರಣ. ದಿನಕ್ಕೆ 22 ಗಂಟೆಯಂತೆ 14 ದಿನಕ್ಕೆ 308 ಗಂಟೆ ಆಗುತ್ತದೆ. ದಿನಕ್ಕೆ 15 ಗಂಟೆ ಮಾತ್ರ ತೊಟ್ಟರೆ ಅಷ್ಟೇ ಗಂಟೆಗೆ 20 ದಿನಕ್ಕೂ ಹೆಚ್ಚು ಬೇಕು. ಅದೂ ಸಹ ಲೆಕ್ಕಕ್ಕೆ ಮಾತ್ರ, ಏಕೆಂದರೆ ತೆಗೆದಿಟ್ಟ ಹೊತ್ತಿನಲ್ಲಿ ಹಲ್ಲು ಹಿಂದಕ್ಕೂ ಸರಿಯುತ್ತದೆ. ಹೀಗೆ ಹಿಂದುಳಿದ ಹಲ್ಲಿನ ಮೇಲೆ ಮುಂದಿನ ಜೊತೆ ಪೂರ್ತಿ ಕೂರದೆ, ಹಲ್ಲಿನ ತುದಿಗೂ ಪ್ಲಾಸ್ಟಿಕ್ಕಿಗೂ ನಡುವೆ ಸಂದು ಕಾಣಿಸುತ್ತದೆ. ಆಗ ಹಿಂದಿನ ಜೊತೆಗೆ ಮರಳಬೇಕಾಗುತ್ತದೆ, ಇಲ್ಲವೇ ಹೊಸದಾಗಿ ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಕರಾವಳಿಯ ದಿನಚರಿಯಲ್ಲಿ 22 ಗಂಟೆ ಹೊಂದಿಸುವುದು ಸುಲಭವಲ್ಲ. ನೀರಿನ ಹೊರತು ಏನನ್ನೇ ತಿನ್ನುವಾಗ, ಕುಡಿಯುವಾಗ ಅಲೈನರ್ ತೆಗೆಯಬೇಕು, ಮತ್ತೆ ಹಾಕುವ ಮುಂಚೆ ಹಲ್ಲುಜ್ಜಬೇಕು ಅಥವಾ ಬಾಯಿ ಚೆನ್ನಾಗಿ ಮುಕ್ಕಳಿಸಬೇಕು. ಬೆಳಗಿನ ಚಹಾ, ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಚಹಾ, ರಾತ್ರಿಯ ಊಟ ಎಂದು ಐದು ಸಲ ತೆಗೆದರೆ ಎರಡು ಗಂಟೆಯ ಮಿತಿ ಆಗಲೇ ಮುಗಿದಿರುತ್ತದೆ. ಮುಳ್ಳು ಬಿಡಿಸಿ ತಿನ್ನುವ ತಾರ್ಲೆ, ಬಂಗಡೆಯ ಊಟ ಅವಸರದಲ್ಲಿ ಮುಗಿಯುವುದಲ್ಲ. ಸಂಜೆ ಚಹಾಕ್ಕೆ ತೆಗೆದ ಅಲೈನರ್ ರಾತ್ರಿ ಊಟದವರೆಗೆ ಡಬ್ಬಿಯಲ್ಲೇ ಉಳಿಯುವುದು ಸಾಮಾನ್ಯ ಲೋಪ. ಅಲೈನರ್ ಹಾಕಿಕೊಂಡೇ ಬಿಸಿ ಚಹಾ ಕುಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸಿಹಿ ಪಾನಕ ಅಥವಾ ಹಣ್ಣಿನ ರಸ ಕುಡಿದರೆ ಸಕ್ಕರೆ ಒಳಗೆ ಸಿಕ್ಕಿಕೊಂಡು ಹಲ್ಲು ಹುಳುಕಾಗುತ್ತದೆ. 2023ರಲ್ಲಿ ಭೌಗೋಳಿಕ ಸೂಚಕ ಪಡೆದ ಅಂಕೋಲೆಯ ಕರಿ ಇಶಾಡ ಮಾವು ಬರುವ ಮೇ ತಿಂಗಳಿಗೂ ಇದೇ ನಿಯಮ: ತಿನ್ನಲು ಅಡ್ಡಿಯಿಲ್ಲ, ತೆಗೆದು ತಿನ್ನಬೇಕು. ಅರಿಶಿನ, ಕೋಕಮ್ ಬಣ್ಣ ಅಟ್ಯಾಚ್‌ಮೆಂಟಿಗೆ ಹಿಡಿಯುವುದರಿಂದ ನೋಟ ಕೆಡುತ್ತದೆ, ಅವಧಿಗೆ ಅದರಿಂದ ಬಾಧೆಯಿಲ್ಲ.

ವಸಡಿನ ಉರಿಯೂತ ಇದ್ದಾಗ ಹಲ್ಲು ಸರಿಸಿದರೆ ಎಲುಬು ಸವೆಯುತ್ತದೆ. ಆದ್ದರಿಂದ ಮೊದಲು ವಸಡಿನ ಚಿಕಿತ್ಸೆ, ಆಮೇಲೆ ಅಲೈನರ್. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ತಂಬಾಕು ಇವು ಈ ಪೂರ್ವಸಿದ್ಧತೆಯ ಕಾಲವನ್ನು ಉದ್ದ ಮಾಡುತ್ತವೆ. ಅಡಿಕೆ ಮತ್ತು ಗುಟ್ಕಾ ಅಗಿಯುವವರಲ್ಲಿ ಬಾಯಿಯ ಒಳಚರ್ಮ ಗಡಸಾಗಿ ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ. ಸ್ಕ್ಯಾನರಿನ ತುದಿ ಒಳಹೋಗುವುದೂ ಅಲೈನರ್ ತೆಗೆದು ಹಾಕುವುದೂ ಆಗ ಕಷ್ಟ. ಹೊಸ ಜೊತೆಯ ಮೊದಲ ಎರಡು ಮೂರು ದಿನದ ನೋವಿಗೆ ಪ್ಯಾರಸಿಟಮಾಲ್ ಸೂಕ್ತ ಎನ್ನುತ್ತಾರೆ. ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ಬಹುದಿನ ತೆಗೆದುಕೊಂಡರೆ ಹಲ್ಲಿನ ಚಲನೆಗೆ ಬೇಕಾದ ಉರಿಯೂತವನ್ನೇ ತಗ್ಗಿಸಿ ವೇಗ ಕಡಿಮೆ ಮಾಡಬಹುದು.

ಅವಧಿ ತಗ್ಗಿಸುವ ಉಪಾಯಗಳೆಂದು ಕಂಪಿಸುವ ಸಾಧನ, ಕೆಂಪು ಬೆಳಕಿನ ಸಾಧನ, ಎಲುಬಿಗೆ ಸಣ್ಣ ರಂಧ್ರ ಕೊರೆಯುವ ಕ್ರಮ ಇತ್ಯಾದಿ ಮಾರುಕಟ್ಟೆಗೆ ಬಂದಿವೆ. ಇವುಗಳಿಂದ ಒಟ್ಟು ಅವಧಿ ಗಣನೀಯವಾಗಿ ಇಳಿಯುತ್ತದೆಂದು ನಂಬಲು ಸಾಕಷ್ಟು ಗಟ್ಟಿ ಪುರಾವೆ ಇಲ್ಲ.

ಕಾರವಾರ ಮತ್ತು ಅಂಕೋಲೆಯಲ್ಲಿ

ಕಾರವಾರ ಉತ್ತರ ಕನ್ನಡದ ಜಿಲ್ಲಾ ಕೇಂದ್ರ. ಅಂಕೋಲೆ ಅದರ ದಕ್ಷಿಣಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರ. ಕಾರವಾರದಲ್ಲಿ 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಕ್ರಿಮ್ಸ್) ಇದೆ. ನೌಕಾಪಡೆಯವರಿಗಾಗಿ ಐಎನ್‌ಎಚ್‌ಎಸ್ ಪತಂಜಲಿ ಆಸ್ಪತ್ರೆ ಇದೆ. ದಂತ ವೈದ್ಯಕೀಯ ಕಾಲೇಜು ಎರಡೂ ಊರುಗಳಲ್ಲಿ ಇಲ್ಲ. ಕಾಲೇಜು ಆಸ್ಪತ್ರೆಯ ವಕ್ರದಂತ ವಿಭಾಗ ಬೇಕೆಂದವರು ಉತ್ತರಕ್ಕೆ, ಕಾರವಾರದಿಂದ ನೂರು ಕಿಲೋಮೀಟರಿಗೆ ಹತ್ತಿರವಿರುವ ಬಾಂಬೋಳಿಯ ಗೋವಾ ದಂತ ಕಾಲೇಜಿಗೆ (ಸ್ಥಾಪನೆ 1980) ಹೋಗಬೇಕು. ಇಲ್ಲವೇ ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ದಾರಿಯಲ್ಲಿ ಧಾರವಾಡದ ಎಸ್.ಡಿ.ಎಂ. ದಂತ ಕಾಲೇಜಿಗೆ (1986). ಅಥವಾ ದಕ್ಷಿಣಕ್ಕೆ ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಮಣಿಪಾಲದ ದಂತ ಕಾಲೇಜಿಗೆ (1965).

ಈ ಅಂತರ ಅವಧಿಯನ್ನು ಎರಡು ಬಗೆಯಲ್ಲಿ ಮುಟ್ಟುತ್ತದೆ. ಬ್ರೇಸಸ್‌ಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ ತಂತಿ ಬಿಗಿಸಿಕೊಳ್ಳಬೇಕು, ತಂತಿ ಹಿಡಿಯುವ ಬ್ರಾಕೆಟ್ ಹಲ್ಲಿನಿಂದ ಬಿಚ್ಚಿಹೋದರೆ ಅಂಟಿಸಿಕೊಳ್ಳಲು ನಡುವೆಯೂ ಹೋಗಬೇಕು. ಒಂದು ಭೇಟಿ ತಪ್ಪಿದರೆ ಅಷ್ಟು ದಿನ ಕೆಲಸ ನಿಲ್ಲುತ್ತದೆ. ಅಲೈನರಿನಲ್ಲಿ ನಾಲ್ಕಾರು ಜೊತೆಗಳನ್ನು ಒಮ್ಮೆಲೇ ಕೊಟ್ಟು ಕಳಿಸಬಹುದಾದ್ದರಿಂದ ಭೇಟಿಗಳ ನಡುವೆ ಎಂಟು ಹತ್ತು ವಾರ ಬಿಡಲು ಸಾಧ್ಯ. ಚಿಕಿತ್ಸೆ ಬಸ್ಸಿನ ವೇಳಾಪಟ್ಟಿಗೆ ಕಾಯುವುದಿಲ್ಲ. ಇದು ಅನುಕೂಲದ ಮಾತು. ಅನನುಕೂಲವೆಂದರೆ ಒಂದು ಹಲ್ಲು ಹಿಂದುಳಿದದ್ದು, ಒಂದು ಅಟ್ಯಾಚ್‌ಮೆಂಟ್ ಉದುರಿದ್ದು ಆ ಹತ್ತು ವಾರ ಯಾರ ಕಣ್ಣಿಗೂ ಬೀಳದೆ, ಸುತ್ತಿನ ಕೊನೆಯಲ್ಲಿ ತಿದ್ದುಪಡಿಯ ಜೊತೆಗಳಾಗಿ ಬಂದು ಕೂರುತ್ತದೆ. ಊರಿನ ದಂತ ವೈದ್ಯರು ನಡುವಿನ ಪರೀಕ್ಷೆ ನೋಡಿ, ಯೋಜನೆ ಮಾಡಿದ ತಜ್ಞರು ದೂರದಲ್ಲಿದ್ದು ಜವಾಬ್ದಾರಿ ಹಂಚಿಕೊಂಡರೆ ಈ ಕೊರತೆ ಬಹಳಮಟ್ಟಿಗೆ ತುಂಬುತ್ತದೆ.

ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯದೆ ಇಲ್ಲಿ ಯಾವ ಚಿಕಿತ್ಸೆಯ ದಿನಗಳನ್ನೂ ಗೊತ್ತುಮಾಡಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ನಿಂತುಹೋಗಿತ್ತು. ಅದೇ ವರ್ಷದ ಆಗಸ್ಟ್ 7ರಂದು ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜೊತೆಗಳನ್ನು ಮಳೆ ಹಿಡಿಯುವ ಮುಂಚೆಯೇ ಪಡೆದಿಟ್ಟುಕೊಂಡರೆ ದಾರಿ ಮುಚ್ಚಿದರೂ ಬದಲಾವಣೆ ನಿಲ್ಲುವುದಿಲ್ಲ.

ಉದ್ಯೋಗವೂ ಅವಧಿಯ ಮೇಲೆ ತನ್ನ ಗುರುತು ಬಿಡುತ್ತದೆ. ಬೈತಖೋಲ, ಬೇಲೇಕೇರಿ ಮೊದಲಾದ ಬಂದರುಗಳಿಂದ ಯಾಂತ್ರಿಕ ದೋಣಿಯಲ್ಲಿ ಹೋಗುವವರು ದಿನಗಟ್ಟಲೆ ಕಡಲಲ್ಲಿರುತ್ತಾರೆ. ಅವರಿಗೆ ಸಿಹಿನೀರಿನಲ್ಲಿ ತೊಳೆಯುವ, ಡಬ್ಬಿಯಲ್ಲಿಡುವ ಶಿಸ್ತು ಕಷ್ಟವಾಗುತ್ತದೆ, ಕಳೆದುಹೋಗುವ ಸಂಭವ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳು ಅಟ್ಯಾಚ್‌ಮೆಂಟ್ ಕೂರಿಸಿ ಮೊದಲ ಕೆಲವು ಜೊತೆಗಳಿಗೆ ಒಗ್ಗಿಕೊಳ್ಳಲು ಒದಗುವ ಕಾಲ. ಕೈಗಾ ಅಣುಸ್ಥಾವರದ ಮಲ್ಲಾಪುರ ವಸತಿಯಲ್ಲಿರುವವರಿಗೂ, 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯವರಿಗೂ ನಡುವೆ ವರ್ಗಾವಣೆ ಬರಬಹುದು. ಪಿಯುಸಿ ಮುಗಿಸಿ ಹುಬ್ಬಳ್ಳಿ, ಬೆಂಗಳೂರಿಗೆ ಹೊರಡುವ ವಿದ್ಯಾರ್ಥಿಗಳದೂ ಇದೇ ಸ್ಥಿತಿ. ಚಿಕಿತ್ಸೆ ಅರ್ಧದಲ್ಲಿ ವೈದ್ಯರನ್ನು ಬದಲಿಸಿದರೆ ಹೊಸಬರು ಸಾಮಾನ್ಯವಾಗಿ ಹೊಸ ಸ್ಕ್ಯಾನ್, ಹೊಸ ಯೋಜನೆ ಬಯಸುತ್ತಾರೆ, ಅದಕ್ಕೆ ಒಂದೆರಡು ತಿಂಗಳು ಹಿಡಿಯುತ್ತದೆ. ಮೂಲ ಕಡತ, ಎಕ್ಸ್-ರೇ, ಉಳಿದ ಜೊತೆಗಳ ಪಟ್ಟಿ ಕೈಯಲ್ಲಿದ್ದರೆ ಅಷ್ಟು ಕಾಲ ಹಿಡಿಯದು.

ಹಿಡಿದಿಡುವ ಹಂತ

ಕೊನೆಯ ಜೊತೆ ಬಿಟ್ಟ ದಿನ ಹಲ್ಲು ಹೊಸ ಜಾಗದಲ್ಲಿರುತ್ತದೆ, ಸುತ್ತಲಿನ ನಾರುಗಳು ಇನ್ನೂ ಹಳೆಯ ಕಡೆಗೇ ಎಳೆಯುತ್ತಿರುತ್ತವೆ. ಬೇರಿನ ಸುತ್ತಲ ನಾರುಪದರ ಮರುಜೋಡಣೆಯಾಗಲು ಮೂರ್ನಾಲ್ಕು ತಿಂಗಳು, ವಸಡಿನ ಹಿಗ್ಗುವ ನಾರುಗಳು ಸಡಿಲಗೊಳ್ಳಲು ಒಂದು ವರ್ಷದವರೆಗೂ ಬೇಕು. ಅದಕ್ಕಾಗಿ ಮೊದಲ ಕೆಲವು ತಿಂಗಳು ಹಗಲುರಾತ್ರಿ, ಆಮೇಲೆ ರಾತ್ರಿ ಮಾತ್ರ ರಿಟೈನರ್ ತೊಡಬೇಕು. ಕೆಳಗಿನ ಬಾಚಿಹಲ್ಲುಗಳ ಹಿಂಬದಿಗೆ ತೆಳು ತಂತಿ ಅಂಟಿಸುವುದೂ ರೂಢಿಯಲ್ಲಿದೆ. ವಯಸ್ಸಾದಂತೆ ಕೆಳಗಿನ ಬಾಚಿಹಲ್ಲುಗಳು ತಾವಾಗಿಯೇ ಒತ್ತಿಕೊಳ್ಳುವ ಪ್ರವೃತ್ತಿ ಎಲ್ಲರಲ್ಲೂ ಇರುವುದರಿಂದ, ರಾತ್ರಿಯ ರಿಟೈನರಿಗೆ ಕೊನೆಯ ದಿನಾಂಕ ಹಾಕಿಕೊಡುವ ತಜ್ಞರು ಈಗ ವಿರಳ.

ಇಂದಿನ ಸ್ಥಿತಿ

ಬಾಯಿಯ ಅಳತೆಯನ್ನು ಸಿಲಿಕೋನ್ ಅಚ್ಚಿನ ಬದಲು ಕ್ಯಾಮೆರಾದಂಥ ಸ್ಕ್ಯಾನರಿನಿಂದ ತೆಗೆಯುವುದು ಹೆಚ್ಚುತ್ತಿದೆ. ಭಾರತದಲ್ಲೇ ತಯಾರಾಗುವ ಅಲೈನರುಗಳು ಬಂದ ಮೇಲೆ ಜೊತೆಗಳು ತಯಾರಾಗಿ ಕೈಸೇರುವ ಕಾಲ ಕಡಿಮೆಯಾಗಿದೆ. ದಂತ ವೈದ್ಯರ ಚಿಕಿತ್ಸಾಲಯವನ್ನು ಬದಿಗಿಟ್ಟು ನೇರ ಮನೆಗೇ ಅಲೈನರ್ ಕಳಿಸುವ ವ್ಯಾಪಾರವೂ ನಡೆಯಿತು. ಅಮೆರಿಕದಲ್ಲಿ 2014ರಲ್ಲಿ ಹುಟ್ಟಿದ ಸ್ಮೈಲ್ ಡೈರೆಕ್ಟ್ ಕ್ಲಬ್ ಈ ಬಗೆಯ ದೊಡ್ಡ ಕಂಪನಿ. ಅದು 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ ಚಿಕಿತ್ಸೆ ನಡುವಿದ್ದವರು ಬೇರೆ ವೈದ್ಯರನ್ನು ಹುಡುಕಬೇಕಾಯಿತು. ಇಂಥ ಕ್ರಮದಲ್ಲಿ ಎಕ್ಸ್-ರೇ ಇಲ್ಲದೆ ಹಲ್ಲು ಸರಿಸುವುದನ್ನು ವಕ್ರದಂತ ತಜ್ಞರ ಸಂಘಗಳು ವಿರೋಧಿಸುತ್ತ ಬಂದಿವೆ.

ಭಾರತದಲ್ಲಿ ದಂತ ಚಿಕಿತ್ಸೆ ಮಾಡುವವರು ರಾಜ್ಯದ ದಂತ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕೆಂಬುದು 1948ರ ದಂತ ವೈದ್ಯರ ಕಾಯ್ದೆ ಹಾಕಿಕೊಟ್ಟ ನಿಯಮ. ಆ ಕಾಯ್ದೆಯ ಜಾಗಕ್ಕೆ ಬರುವಂತೆ 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದೆ. ವಕ್ರದಂತ ಚಿಕಿತ್ಸೆಯ ವಿಶೇಷ ಪದವಿ ಬಿ.ಡಿ.ಎಸ್. ನಂತರದ ಮೂರು ವರ್ಷದ ಎಂ.ಡಿ.ಎಸ್. ಅಲೈನರನ್ನು ಎಂ.ಡಿ.ಎಸ್. ಆದವರೂ, ತಯಾರಕರ ತರಬೇತಿ ಪಡೆದ ಬಿ.ಡಿ.ಎಸ್. ವೈದ್ಯರೂ ಕೊಡುತ್ತಾರೆ. ಯೋಜನೆಯ ಮೊದಲ ಕರಡನ್ನು ಬಹುಪಾಲು ತಯಾರಕರ ತಂತ್ರಜ್ಞರೇ ಸಿದ್ಧಪಡಿಸುವುದರಿಂದ, ಜೊತೆಗಳ ಸಂಖ್ಯೆಯನ್ನೂ ಬದಲಿಸುವ ದಿನಗಳನ್ನೂ ಪರಿಶೀಲಿಸಿ ಒಪ್ಪಿಗೆ ಕೊಡುವ ಹೊಣೆ ಚಿಕಿತ್ಸೆ ಮಾಡುವ ವೈದ್ಯರ ಮೇಲೆಯೇ ಇರುತ್ತದೆ.